ಲಾರ್ಪ್ ಕಣಕ್ಕೆ ಚರ್ಮದ ಹುರುಪೆ ಕವಚ: ಅಳತೆಯಿಂದ ಕೊನೆಯ ಗಂಟಿನವರೆಗೆ

ಹುರುಪೆ ಕವಚ, ಅಂದರೆ ಮೀನಿನ ಮೈಯಂತೆ ಸಾಲು ಸಾಲು ಚಿಪ್ಪು ಹೊದಿಸಿದ ಕವಚ, ಮಾಡಲು ಹೊರಟವರು ಹೆಚ್ಚಾಗಿ ಮೊದಲ ದಿನವೇ ಹುರುಪೆ ಕತ್ತರಿಸಲು ಕೂರುತ್ತಾರೆ. ಕಣ್ಣಿಗೆ ಕಾಣುವುದು ಅದೇ ಆದ್ದರಿಂದ ಕೈ ಅದಕ್ಕೇ ಹೋಗುತ್ತದೆ. ಆದರೆ ಮೈಮೇಲೆ ಕವಚ ಹೇಗೆ ಕೂರುತ್ತದೆ, ಓಡುವಾಗ ಹೇಗೆ ಬಳುಕುತ್ತದೆ, ನಡುವೆ ಎಲ್ಲಿ ಬಾಯಿ ಬಿಡುತ್ತದೆ ಎಂಬುದನ್ನೆಲ್ಲ ತೀರ್ಮಾನಿಸುವುದು ಹುರುಪೆಯ ಹಿಂದಿರುವ ಬಟ್ಟೆ ಮತ್ತು ಸಾಲಿನಿಂದ ಸಾಲಿಗಿರುವ ಅಂತರ. ಇವೆರಡು ಸರಿಯಾಗಿದ್ದರೆ ಸಾಧಾರಣ ಹುರುಪೆಯೂ ಚೆನ್ನಾಗಿ ಕಾಣುತ್ತದೆ. ಇವು ತಪ್ಪಿದರೆ ಎಷ್ಟು ನುಣುಪಾಗಿ ಕತ್ತರಿಸಿದ ಹುರುಪೆಯೂ ಕವಚವನ್ನು ಉಳಿಸದು. ಹಾಗಾಗಿ ಇಲ್ಲಿ ಬಟ್ಟೆಗೂ ಅಂತರಕ್ಕೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ಲಾರ್ಪ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಪ್ರೇಕ್ಷಕರೂ ಬರೆದಿಟ್ಟ ಸಂಭಾಷಣೆಯೂ ಇಲ್ಲದ ಬಯಲಾಟ. ಬಂದವರೆಲ್ಲ ಪಾತ್ರಧಾರಿಗಳೇ. ಎರಡು ಮೂರು ದಿನ ಡೇರೆಯಲ್ಲಿದ್ದು ಪಾತ್ರವಾಗಿಯೇ ಉಣ್ಣುತ್ತಾರೆ, ಮಾತಾಡುತ್ತಾರೆ, ಫೋಮ್‌ನ ಕತ್ತಿ ಹಿಡಿದು ಕಾದುತ್ತಾರೆ. ಅಮೆರಿಕದಲ್ಲಿ ಡಾಗೊರ್‌ಹಿರ್ ಎಂಬ ಫೋಮ್ ಕತ್ತಿಯ ಕಾಳಗದ ಆಟ 1977ರಲ್ಲೇ ಶುರುವಾಯಿತು. ಇಂಗ್ಲೆಂಡಿನ ಚೆಷೈರ್‌ನ ಪೆಕ್‌ಫರ್ಟನ್ ಕೋಟೆಯಲ್ಲಿ 1982ರಲ್ಲಿ ಟ್ರೆಷರ್ ಟ್ರ್ಯಾಪ್ ಆರಂಭವಾಯಿತು. ಜರ್ಮನಿಯ ಬ್ರೋಕೆಲೋ ಎಂಬ ಹಳ್ಳಿಯಲ್ಲಿ 2004ರಿಂದ ನಡೆಯುವ ಕಾನ್‌ಕ್ವೆಸ್ಟ್ ಆಫ್ ಮಿಥೋಡಿಯಾಕ್ಕೆ ಸಾವಿರಾರು ಜನ ಸೇರುತ್ತಾರೆ. ಓದಲು, ಕೆಲಸಕ್ಕೆಂದು ಆ ದೇಶಗಳಿಗೆ ಹೋದ ಕನ್ನಡಿಗರು ಗೆಳೆಯರ ಜತೆ ಇಂಥ ಬಯಲಿಗೆ ಇಳಿಯುವುದಾದರೆ, ಬಾಡಿಗೆ ವೇಷಕ್ಕಿಂತ ಕೈಯಾರೆ ಮಾಡಿದ ಕವಚ ತೊಟ್ಟು ಇಳಿಯಲಿ ಎಂಬುದು ನನ್ನ ಆಸೆ.

ಮೊದಲೇ ಒಂದು ಎಚ್ಚರಿಕೆ. ಇಲ್ಲಿ ಹೇಳುವ ಕವಚ ಫೋಮ್ ಮತ್ತು ಲೇಟೆಕ್ಸ್ ಆಯುಧಗಳ ಆಟಕ್ಕೆ ಮಾತ್ರ. ಉಕ್ಕಿನ ಕತ್ತಿ ಬಳಸುವ ಅಭ್ಯಾಸಕ್ಕೆ, ಅದು ಮೊಂಡು ಕತ್ತಿಯಾದರೂ, ಇದನ್ನು ನಂಬಬೇಡಿ.

ಹಳೆಯ ಕವಚಗಳು ಕಲಿಸುವುದು

ಹುರುಪೆ ಕವಚದಲ್ಲಿ ಪ್ರತಿ ಚಿಪ್ಪೂ ಮೇಲ್ತುದಿಯಲ್ಲಿ ಮಾತ್ರ ಒಂದು ಬಟ್ಟೆಗೋ ಚರ್ಮಕ್ಕೋ ಕಟ್ಟಿಕೊಂಡಿರುತ್ತದೆ, ಕೆಳತುದಿ ಸಡಿಲವಾಗಿ ಇಳಿಬಿದ್ದಿರುತ್ತದೆ. ಹಿಂಬಟ್ಟೆಯೇ ಇಲ್ಲದೆ ಪಟ್ಟಿಗೆ ಪಟ್ಟಿ ಹೆಣೆದು ಮಾಡುವ ಲ್ಯಾಮೆಲರ್ ಕವಚ ಬೇರೆ, ಉಂಗುರಗಳಿಗೆ ಚಿಪ್ಪು ಸಿಕ್ಕಿಸುವ ಸ್ಕೇಲ್‌ಮೇಲ್ ಬೇರೆ. ಅಂಗಡಿಗಳಲ್ಲಿ ಮೂರಕ್ಕೂ ಒಂದೇ ಹೆಸರು ಹೇಳಿ ಮಾರುವುದುಂಟು, ಕೊಳ್ಳುವಾಗ ನೋಡಿಕೊಳ್ಳಿ.

ಲೋಹವೇ ಬೇಕೆಂಬ ಹಟ ಬೇಡ ಅನ್ನುವುದಕ್ಕೆ ಪುರಾತನ ಸಾಕ್ಷಿ ಇದೆ. ಪ್ರಾಚೀನ ಈಜಿಪ್ಟಿನ ಅರಸ ಟುಟಂಖಾಮುನ್ ಗೋರಿಯಲ್ಲಿ ಸಿಕ್ಕಿದ್ದು ಚರ್ಮದ ಹುರುಪೆಯ ಕವಚ. ಚೀನಾದ ಶಿನ್‌ಜಿಯಾಂಗ್‌ನ ಯಾಂಘಾಯ್ ಸ್ಮಶಾನದಲ್ಲಿ 2013ರಲ್ಲಿ ಸಿಕ್ಕ ಕವಚವಂತೂ ಬೆರಗು ಹುಟ್ಟಿಸುತ್ತದೆ: 5,444 ಸಣ್ಣ ಹುರುಪೆ, 140 ದೊಡ್ಡ ಹುರುಪೆ, ಎಲ್ಲವೂ ಚರ್ಮ, ಇಡೀ ಕವಚದ ತೂಕ ನಾಲ್ಕರಿಂದ ಐದು ಕಿಲೋ. ಅದರ ಕಾಲ ಕ್ರಿ.ಪೂ. 786 ಮತ್ತು 543ರ ನಡುವೆ. ರೋಮನ್ನರು ಲೊರಿಕಾ ಸ್ಕ್ವಾಮಾಟಾ ಎಂಬ ತಮ್ಮ ಹುರುಪೆ ಕವಚದಲ್ಲಿ ಒಂದು ಸಾಲಿನ ಲೋಹದ ಹುರುಪೆಗಳನ್ನು ಪರಸ್ಪರ ತಂತಿಯಿಂದ ಕಟ್ಟಿ, ಆ ಸಾಲನ್ನು ಬಟ್ಟೆಗೆ ಹೊಲಿಯುತ್ತಿದ್ದರು. ಸ್ಕಾಟ್ಲೆಂಡಿನ ಕಾರ್ಪೋದಲ್ಲಿ ಸಿಕ್ಕ ತುಂಡಿನಲ್ಲಿ ಹಿಂದಿನ ಲಿನನ್ ಬಟ್ಟೆಯೂ ಉಳಿದುಕೊಂಡಿದೆ.

ಭಾರತದ್ದೂ ಒಂದಿದೆ. ಚಿಪ್ಪುಹಂದಿಯ ಹುರುಪೆಗಳಿಗೆ ಚಿನ್ನದ ಬಣ್ಣದ ಅಲಂಕಾರ ಮಾಡಿ ಹೊಲಿದ ಕವಚವೊಂದನ್ನು 1820ರಲ್ಲಿ ಇಲ್ಲಿನ ಬ್ರಿಟಿಷ್ ಗವರ್ನರ್ ಜನರಲ್ ಆಗಿದ್ದ ಮಾರ್ಕ್ವೆಸ್ ಆಫ್ ಹೇಸ್ಟಿಂಗ್ಸ್ ಇಂಗ್ಲೆಂಡಿನ ಅರಸ ಮೂರನೇ ಜಾರ್ಜ್‌ಗೆ ಕಾಣಿಕೆ ಕೊಟ್ಟ. ಈಗ ಅದು ಇಂಗ್ಲೆಂಡಿನ ರಾಯಲ್ ಆರ್ಮರೀಸ್ ಸಂಗ್ರಹದಲ್ಲಿದೆ. ಹುರುಪೆಯ ನಡುವಿನ ಉಬ್ಬು, ತುದಿಯ ಮೊನೆ ನೋಡಿ ಕಲಿಯಲು ಅದು ಒಳ್ಳೆಯ ಮಾದರಿ. ಆದರೆ ನಿಜವಾದ ಚಿಪ್ಪುಹಂದಿಯ ಹುರುಪೆಯನ್ನು ಯಾರು ಮಾರಲು ಬಂದರೂ ಮುಟ್ಟಬೇಡಿ. ಆ ಪ್ರಾಣಿ ಅಳಿವಿನಂಚಿನಲ್ಲಿದೆ, ಅದರ ವ್ಯಾಪಾರ ಅಪರಾಧ.

ಯಾವ ವಸ್ತು, ಎಷ್ಟು ತೂಕ

ಮುಂದೆ ಹೇಳುವ ಅಳತೆಯ, ತೋಳಿಲ್ಲದ ಕವಚಕ್ಕೆ ಸುಮಾರು 310 ಹುರುಪೆ ಬೇಕು. ಅಷ್ಟನ್ನೂ 1 ಮಿ.ಮೀ. ಉಕ್ಕಿನಲ್ಲಿ ಮಾಡಿದರೆ ಹುರುಪೆಗಳೇ ಹತ್ತು ಕಿಲೋ ಹತ್ತಿರ ತೂಗುತ್ತವೆ. 1 ಮಿ.ಮೀ. ಅಲ್ಯೂಮಿನಿಯಂ ಆದರೆ ಮೂರೂಕಾಲು ಕಿಲೋ ಚಿಲ್ಲರೆ. 3 ಮಿ.ಮೀ. ಚರ್ಮ ಮೂರೂವರೆ ಕಿಲೋ, 2.5 ಮಿ.ಮೀ. ಚರ್ಮ ಮೂರು ಕಿಲೋ ಒಳಗೆ. ಚಪ್ಪಲಿ ಸೋಲಿಗೆ ಹಾಕುವ ಇವಿಎ ಫೋಮ್ 4 ಮಿ.ಮೀ. ಆದರೆ ಅರ್ಧ ಕಿಲೋ ಆಗಬಹುದು.

ನಾನು ಹೇಳುವುದು ಚರ್ಮ. ಅಲ್ಯೂಮಿನಿಯಂ ಹುರುಪೆಯ ಅಂಚನ್ನು ಎಷ್ಟು ಉಜ್ಜಿದರೂ ಒಂದೆರಡು ಕಡೆ ಹರಿತ ಉಳಿಯುತ್ತದೆ, ಎದುರಾಳಿಯ ಲೇಟೆಕ್ಸ್ ಕತ್ತಿಯನ್ನು ಅದು ಹರಿಯುತ್ತದೆ. ಫೋಮ್ ಹಗುರ, ಅಗ್ಗ. ಆದರೆ ಮೂರು ಹೆಜ್ಜೆ ದೂರದಿಂದಲೇ ಫೋಮ್ ಎಂದು ತಿಳಿಯುತ್ತದೆ, ನಡೆಯುವಾಗ ಸದ್ದಿಲ್ಲ, ಎರಡು ಋತು ಕಳೆಯುವಷ್ಟರಲ್ಲಿ ಬಣ್ಣ ಬಿರಿಯುತ್ತದೆ. ಚರ್ಮದ ಹುರುಪೆಗಳು ಒಂದಕ್ಕೊಂದು ತಾಗುವ ಆ ಒಣ ಸದ್ದು ಕೇಳಿದವರು ಫೋಮಿಗೆ ಹಿಂತಿರುಗುವುದು ಕಷ್ಟ. ಚರ್ಮ ಬಳಸದವರಿಗಾಗಿ ಫೋಮ್ ವಿಧಾನವನ್ನೂ ಕೊನೆಯ ಕಡೆಗೆ ಹೇಳಿದ್ದೇನೆ.

ಇನ್ನೊಂದು ವಿಷಯ: ಹಲವು ಆಟಗಳಲ್ಲಿ ಕವಚ ಯಾವ ವಸ್ತುವಿನದು, ಮೈಯ ಎಷ್ಟು ಭಾಗ ಮುಚ್ಚುತ್ತದೆ ಎಂಬುದರ ಮೇಲೆ ಅಂಕ ಕೊಡುತ್ತಾರೆ. ಚರ್ಮ ಕೊಳ್ಳುವ ಮೊದಲು ನೀವು ಹೋಗುವ ಆಟದ ನಿಯಮ ಪುಸ್ತಕ ಓದಿ.

ಸಾಲಿನ ಅಂತರ: ಇದನ್ನು ಎರಡು ಸಲ ಓದಿ

ಹುರುಪೆಗಳನ್ನು ಮಂಗಳೂರು ಹಂಚಿನ ಮಾಡಿನಂತೆ ಹೊದಿಸುತ್ತೇವೆ: ಮೇಲಿನ ಸಾಲು ಕೆಳಗಿನ ಸಾಲಿನ ತಲೆ ಮುಚ್ಚುತ್ತದೆ. ಜತೆಗೆ ಪ್ರತಿ ಸಾಲನ್ನೂ ಅರ್ಧ ಹುರುಪೆಯಷ್ಟು ಪಕ್ಕಕ್ಕೆ ಸರಿಸುತ್ತೇವೆ, ಆಗ ಮೇಲಿನ ಎರಡು ಹುರುಪೆಗಳ ಸಂದು ಕೆಳಗಿನ ಹುರುಪೆಯ ನಟ್ಟನಡುವೆ ಬರುತ್ತದೆ.

ಎಷ್ಟು ಒಂದರ ಮೇಲೊಂದು ಬರಬೇಕು? ಮೂರನೇ ಒಂದು ಭಾಗ ಸಾಕು ಎಂದು ಕಣ್ಣು ಹೇಳುತ್ತದೆ. ಸಾಲದು. 6 ಸೆಂ.ಮೀ. ಉದ್ದದ ಹುರುಪೆಯನ್ನು 4 ಸೆಂ.ಮೀ. ಅಂತರದಲ್ಲಿ ಹೊಲಿದಿರಿ ಎಂದಿಟ್ಟುಕೊಳ್ಳಿ. ಒಂದು ಸಾಲಿನಲ್ಲಿ ಅಕ್ಕಪಕ್ಕದ ಎರಡು ಹುರುಪೆಗಳ ನಡುವಿನ ಸಂದನ್ನು ಮೇಲಿನಿಂದ ನೋಡುತ್ತ ಬನ್ನಿ. ಮೊದಲ 2 ಸೆಂ.ಮೀ. ಅನ್ನು ಮೇಲಿನ ಸಾಲಿನ ಹುರುಪೆ ಮುಚ್ಚಿರುತ್ತದೆ. 4 ಸೆಂ.ಮೀ. ಕೆಳಗಿನಿಂದ ಮುಂದಿನ ಸಾಲಿನ ಹುರುಪೆ ಹಿಂದೆ ಇರುತ್ತದೆ. ನಡುವಿನ 2 ಸೆಂ.ಮೀ.ಗೆ ಮುಂದೆಯೂ ಏನಿಲ್ಲ, ಹಿಂದೆಯೂ ಏನಿಲ್ಲ, ಬರೀ ಬಟ್ಟೆ. ಮೇಜಿನ ಮೇಲೆ ಹಾಸಿದಾಗ ಇದು ಕಾಣುವುದಿಲ್ಲ. ಮೈ ತಿರುಗಿಸಿದಾಗ ನೂರಾರು ಸಂದುಗಳೂ ಒಟ್ಟಿಗೆ ಕಾಣುತ್ತವೆ.

ಹಾಗಾಗಿ ನಿಯಮ ಇಷ್ಟೇ: ಸಾಲಿನ ಅಂತರ ಹುರುಪೆಯ ಉದ್ದದ ಅರ್ಧಕ್ಕಿಂತ ತುಸು ಕಡಿಮೆ ಇರಬೇಕು. ಮೊದಲ ಕವಚಕ್ಕೆ ನಾನು ಸೂಚಿಸುವ ಅಳತೆ ಹೀಗಿದೆ: ಹುರುಪೆಯ ಅಗಲ 5 ಸೆಂ.ಮೀ., ಉದ್ದ 8.5 ಸೆಂ.ಮೀ., ಕೆಳತುದಿ ಅರ್ಧವೃತ್ತ, ಸಾಲಿನಿಂದ ಸಾಲಿಗೆ 4 ಸೆಂ.ಮೀ., ಅಕ್ಕಪಕ್ಕದ ಹುರುಪೆಗಳ ನಡುವೆ 1 ಮಿ.ಮೀ. ಬಿಡುವು. ಇದಕ್ಕಿಂತ ಚಿಕ್ಕ ಹುರುಪೆ ಇನ್ನೂ ಚೆಂದ ಕಾಣುತ್ತದೆ, ಆದರೆ ಅಗಲವನ್ನು 4ಕ್ಕೆ, ಅಂತರವನ್ನು 3ಕ್ಕೆ ಇಳಿಸಿದರೆ ಸಂಖ್ಯೆ 500 ದಾಟುತ್ತದೆ. ಮೊದಲ ಸಲಕ್ಕೆ ಅಷ್ಟು ಬೇಡ.

ಅಡಿಬಟ್ಟೆ

ಕವಚದ ಕೆಳಗೆ ಹತ್ತಿ ತುಂಬಿ ಕ್ವಿಲ್ಟ್ ಹಾಕಿದ ದಪ್ಪ ಅಂಗಿ ತೊಡುತ್ತೀರಿ. ಅದನ್ನು ಗ್ಯಾಂಬೆಸನ್ ಅನ್ನುತ್ತಾರೆ. ಏಟಿನ ರಭಸ ಹೀರುವುದು ಅದೇ. ಅಳತೆಯನ್ನು ಅದನ್ನು ತೊಟ್ಟುಕೊಂಡೇ ತೆಗೆಯಬೇಕು. ಬನಿಯನ್ ಮೇಲೆ ತೆಗೆದ ಅಳತೆಯಲ್ಲಿ ಹೊಲಿದ ಕವಚದ ಬಕಲ್ ಕಣದ ದಿನ ಕೂಡುವುದಿಲ್ಲ.

ಗ್ಯಾಂಬೆಸನ್ ತೊಟ್ಟು, ಅದರ ಮೇಲೆ ಹರಿದುಹೋದರೂ ಚಿಂತೆಯಿಲ್ಲದ ಹಳೆಯ ದೊಡ್ಡ ಟಿ-ಶರ್ಟ್ ಹಾಕಿಕೊಳ್ಳಿ. ಗೆಳೆಯರೊಬ್ಬರು ಅದರ ಸುತ್ತ ಅಗಲ ಟೇಪನ್ನು, ಬಿಗಿಯದೆ, ಎದೆಯಿಂದ ಸೊಂಟದವರೆಗೆ ಸುತ್ತಲಿ. ಕುತ್ತಿಗೆಯ ಗೆರೆ, ಕಂಕುಳ ಸುತ್ತ, ಭುಜದ ಗೆರೆ, ಎರಡೂ ಪಕ್ಕದ ಗೆರೆಗಳನ್ನು ಮಾರ್ಕರಿನಿಂದ ಎಳೆಯಲಿ. ಆಮೇಲೆ ಪಕ್ಕ ಮತ್ತು ಭುಜದ ಗೆರೆಗುಂಟ ಹುಷಾರಾಗಿ ಕತ್ತರಿಸಿ ಬಿಡಿಸಿದರೆ ನಿಮ್ಮ ಮೈಯದೇ ಮುಂಭಾಗ, ಹಿಂಭಾಗ ಸಿಗುತ್ತದೆ. ಇದನ್ನು ಕಾಗದಕ್ಕೆ ಇಳಿಸಿ, ಸುತ್ತಳತೆಗೆ 6ರಿಂದ 8 ಸೆಂ.ಮೀ. ಸಡಿಲ ಸೇರಿಸಿ. ಗ್ಯಾಂಬೆಸನ್ ಮೇಲೆ ಎದೆ 105 ಸೆಂ.ಮೀ. ಬಂದವರ ಕವಚ 112 ಸೆಂ.ಮೀ. ಆಗುತ್ತದೆ. ಮುಂದಿನ ಲೆಕ್ಕವೆಲ್ಲ ಈ 112ರ ಮೇಲೆ.

ಉದ್ದ ಎಷ್ಟಿರಬೇಕು ಎಂಬುದನ್ನು ಕುರ್ಚಿಯಲ್ಲಿ ಕೂತು ನಿರ್ಧರಿಸಿ. ನಿಂತಾಗ ತೊಡೆಯ ನಡುವರೆಗೆ ಇಳಿದ ಕವಚ ರಾಜಗಾಂಭೀರ್ಯದಿಂದ ಕಾಣುತ್ತದೆ, ಕೂತ ತಕ್ಷಣ ಅದೇ ಕವಚ ಗದ್ದಕ್ಕೆ ಬಂದು ಒತ್ತುತ್ತದೆ. ಕಂಕುಳಿನಿಂದ 45 ಸೆಂ.ಮೀ. ಹೆಚ್ಚಿನವರಿಗೆ ಹೊಂದುತ್ತದೆ. ಇನ್ನೂ ಉದ್ದ ಬೇಕಾದರೆ ಸೊಂಟದ ಕೆಳಗೆ ಎರಡೂ ಪಕ್ಕ ಸೀಳು ಬಿಡಿ.

ಬಟ್ಟೆ ದಪ್ಪ ಹತ್ತಿ ಕ್ಯಾನ್ವಾಸ್ ಇರಲಿ, ಎರಡು ಪದರ. ಮೊದಲು ಬಿಸಿನೀರಲ್ಲಿ ಒಗೆದು ಒಣಗಿಸಿ, ಕುಗ್ಗುವುದೆಲ್ಲ ಆಗಲೇ ಕುಗ್ಗಿಬಿಡಲಿ. ಹಿಗ್ಗುವ ಬಟ್ಟೆ ಬೇಡ, ಹುರುಪೆಯ ಭಾರಕ್ಕೆ ಜೋತು ಬೀಳುತ್ತದೆ. ಕ್ಯಾನ್ವಾಸಿಗೆ ಹುರುಪೆಯದೇ ಬಣ್ಣ ಹಾಕಿಬಿಡಿ. ಎಲ್ಲೋ ಒಂದು ಸಂದು ಬಾಯಿ ಬಿಟ್ಟರೂ ಆಗ ಕಣ್ಣಿಗೆ ಬೀಳುವುದಿಲ್ಲ.

ಎದೆ ಉಬ್ಬಿರುವವರು, ಹೊಟ್ಟೆ ಇರುವವರು ಆ ಉಬ್ಬನ್ನು ಬಟ್ಟೆಯಲ್ಲೇ ಡಾರ್ಟ್ (ಮೊನೆಯಾಗಿ ಮಡಚಿ ಹೊಲಿದ ಮಡಿಕೆ) ಹಾಕಿ ತೆಗೆಯಿರಿ. ಹುರುಪೆಗಳನ್ನು ಹಿಗ್ಗಿಸಿ ಕುಗ್ಗಿಸಿ ಉಬ್ಬು ಮುಚ್ಚಲಾಗದು. ಡಾರ್ಟ್ ಇರುವ ಕಡೆ ಪಕ್ಕದ ಹುರುಪೆಗಳು ಒಂದರ ಮೇಲೊಂದು ತುಸು ಏರಿದರೆ ಸಾಕು. ಪಕ್ಕಗಳನ್ನು ಹೊಲಿದು ಮುಚ್ಚಬೇಡಿ, ಎರಡೂ ಕಡೆ ಮೂರು ಮೂರು ಬಕಲ್ ಪಟ್ಟಿ ಇಡಿ. ಮುಂಭಾಗದ ಅಂಚಿನಲ್ಲಿ 5 ಸೆಂ.ಮೀ. ಹೆಚ್ಚುವರಿ ಬಟ್ಟೆ ಬಿಟ್ಟರೆ ಅದು ಹಿಂಭಾಗದ ಕೆಳಗೆ ಸೇರಿಕೊಳ್ಳುತ್ತದೆ. ತೊಡುವುದು ಬಿಚ್ಚುವುದು ಸುಲಭ, ಮುಂದೆ ಮೈ ಹೆಚ್ಚು ಕಡಿಮೆ ಆದರೂ ಕವಚ ನಿಲ್ಲುತ್ತದೆ.

ಈಗ ಗೆರೆ. ತೂತುಗಳು ಹುರುಪೆಯ ಮೇಲಂಚಿನಿಂದ 1 ಸೆಂ.ಮೀ. ಕೆಳಗಿರುತ್ತವೆ, ಅಂದರೆ ತೂತಿನಿಂದ ಕೆಳತುದಿಗೆ 7.5 ಸೆಂ.ಮೀ. ಕೊನೆಯ ಸಾಲು ಬಟ್ಟೆಯ ಅಂಚಿಗಿಂತ 1 ಸೆಂ.ಮೀ. ಕೆಳಗೆ ಇಳಿಯಬೇಕು. ಆದ್ದರಿಂದ ಮೊದಲ ಗೆರೆಯನ್ನು ಕೆಳ ಅಂಚಿನಿಂದ 6.5 ಸೆಂ.ಮೀ. ಮೇಲೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ 4 ಸೆಂ.ಮೀ.ಗೊಂದು ಗೆರೆ: 10.5, 14.5, 18.5, ಹೀಗೆ. ದರ್ಜಿಯ ಚಾಕ್ ಉಜ್ಜಿ ಹೋಗುತ್ತದೆ, ಬಾಲ್ ಪೆನ್ನು ಬಳಸಿ. ಮುಂದೆ ಎಳೆದ ಗೆರೆಯೂ ಹಿಂದೆ ಎಳೆದ ಗೆರೆಯೂ ಪಕ್ಕದಲ್ಲಿ ಕೂಡಬೇಕು, ಬಕಲ್ ಹಾಕಿ ಒಮ್ಮೆ ನೋಡಿಬಿಡಿ.

ಚರ್ಮ ಆರಿಸುವುದು

ತೊಗಟೆ, ಕಾಯಿಗಳ ಕಷಾಯದಲ್ಲಿ ಹದ ಮಾಡಿದ ಚರ್ಮವೇ ಆಗಬೇಕು. ಅಂಗಡಿಯವರು ಇದನ್ನು ವೆಜ್ ಟ್ಯಾನ್ ಅನ್ನುತ್ತಾರೆ. ನೀರು ಕುಡಿಸಿ ಬಾಗಿಸಿದ ಆಕಾರದಲ್ಲೇ ಒಣಗಿ ನಿಲ್ಲುವುದು ಈ ಚರ್ಮ ಮಾತ್ರ. ಕ್ರೋಮಿಯಂ ಲವಣದಲ್ಲಿ ಹದ ಮಾಡಿ ಜಾಕೆಟ್ಟು, ಸೋಫಾಗಳಿಗೆ ಹಾಕುವ ಕ್ರೋಮ್ ಚರ್ಮ ಎಷ್ಟು ನೆನೆಸಿದರೂ ಮೆತ್ತಗೆ ಹಿಂದಕ್ಕೆ ಬರುತ್ತದೆ. ಗುರುತು ಸುಲಭ: ಕತ್ತರಿಸಿದ ಅಂಚು ಪೂರ್ತಿ ಕಂದು ಇದ್ದರೆ ವೆಜ್ ಟ್ಯಾನ್, ನಡುವೆ ನೀಲಿ-ಬೂದು ಛಾಯೆ ಇದ್ದರೆ ಕ್ರೋಮ್. ಬಣ್ಣ ಹಾಕದ ವೆಜ್ ಟ್ಯಾನ್ ಮೇಲೆ ನೀರ ಹನಿ ಬಿಟ್ಟರೆ ತಕ್ಷಣ ಹೀರಿ ಕಪ್ಪಾಗುತ್ತದೆ.

ಕರ್ನಾಟಕದಲ್ಲಿರುವವರಿಗೆ ಇದು ಹೊಸ ವಸ್ತುವಲ್ಲ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಮಾಡುವ ಕೊಲ್ಹಾಪುರಿ ಚಪ್ಪಲಿಯ ಅಟ್ಟೆ ಇದೇ ಬಗೆಯ ಚರ್ಮ. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿವೆ. ಬಾಗಿಸಿದ ಅಟ್ಟೆ ಹಾಗೇ ನಿಲ್ಲುವುದನ್ನು ಕಂಡವರಿಗೆ ಹುರುಪೆಗೆ ಎಂಥ ಚರ್ಮ ಬೇಕೆಂದು ಬೇರೆ ಹೇಳಬೇಕಿಲ್ಲ. ಊರಿಗೆ ಬಂದಾಗ ಅಂಥ ಕಸುಬುದಾರರ ಬಳಿ ಕೂತು ಚರ್ಮ ಮುಟ್ಟಿ ನೋಡಿ. ಬೆನ್ನಿನ ಭಾಗ ಯಾವುದು, ಹೊಟ್ಟೆಯ ಭಾಗ ಯಾವುದು ಎಂದು ಅವರ ಬೆರಳು ಹೇಳಿದಷ್ಟು ಯಾವ ವಿಡಿಯೋ ಹೇಳಲಾರದು.

ದಪ್ಪ 2.5ರಿಂದ 3 ಮಿ.ಮೀ. ಬೆನ್ನು, ಪಿರ್ರೆಯ ಭಾಗ ಒಳ್ಳೆಯದು. ಹೊಟ್ಟೆಯ ಭಾಗ ಹಿಗ್ಗುತ್ತದೆ, ಅದು ಪಟ್ಟಿಗಳಿಗೂ ಬೇಡ. ಹಾಳಾಗುವುದನ್ನೂ ಸೇರಿಸಿ 340 ಹುರುಪೆಗೆ ಸುಮಾರು 15.5 ಚದರ ಅಡಿ ಬೇಕು. ಕಲೆ, ತೂತು, ಅಂಚು ಬಿಟ್ಟುಹೋಗುವುದರಿಂದ 20 ಚದರ ಅಡಿ ಕೊಳ್ಳಿ. ಒಂದೇ ಸಲ ಕೊಳ್ಳಿ, ಎರಡನೇ ಸಲ ತಂದ ಚರ್ಮ ಬಣ್ಣ ಹೀರುವ ಬಗೆ ಬೇರೆಯಾಗಿರುತ್ತದೆ.

ಕತ್ತರಿಸಿ, ತೂತು ಹೊಡೆದು

ಒಂದೊಂದೇ ಹುರುಪೆ ಬರೆದು ಕತ್ತರಿಸಬೇಡಿ. ಮೊದಲು ಉಕ್ಕಿನ ಸ್ಕೇಲ್ ಇಟ್ಟು ಚರ್ಮವನ್ನು 5 ಸೆಂ.ಮೀ. ಅಗಲದ ಉದ್ದ ಪಟ್ಟಿಗಳಾಗಿ ಸೀಳಿ. ಪಟ್ಟಿಯನ್ನು 8.5 ಸೆಂ.ಮೀ.ಗೆ ತುಂಡರಿಸಿ. ಆಮೇಲೆ ಕೆಳತುದಿಯನ್ನು ಮಾತ್ರ ದುಂಡಗೆ ಮಾಡಿ. ಚಾಕುವಿನ ಅಲಗು ಆಗಾಗ ಬದಲಿಸಿ, ಮೊಂಡು ಅಲಗಿಗೆ ಬಲ ಹಾಕಿದಾಗಲೇ ಅದು ಜಾರಿ ಬೆರಳಿಗೆ ಬರುತ್ತದೆ. ಚಪ್ಪಲಿ ಕಾರ್ಖಾನೆಗಳಿಗೆ ಕಟ್ಟಿಂಗ್ ಡೈ ಮಾಡಿಕೊಡುವವರು ಹತ್ತಿರ ಇದ್ದರೆ ಹುರುಪೆಯ ಆಕಾರದ ಒಂದು ಡೈ ಮಾಡಿಸಿಕೊಳ್ಳಿ, ಇಡೀ ಕೆಲಸದಲ್ಲಿ ದುಡ್ಡು ಹಾಕಲು ಯೋಗ್ಯವಾದ ಸಾಧನ ಅದು.

2 ಮಿ.ಮೀ. ಅಲ್ಯೂಮಿನಿಯಂ ತಗಡಿನಲ್ಲಿ ಒಂದು ಮಾದರಿ ಹುರುಪೆ ಮಾಡಿ, ಅದರಲ್ಲಿ ಎರಡು ತೂತು ಕೊರೆಯಿರಿ: ಮೇಲಂಚಿನಿಂದ 1 ಸೆಂ.ಮೀ. ಕೆಳಗೆ, ನಡುಗೆರೆಯಿಂದ ಎಡಕ್ಕೂ ಬಲಕ್ಕೂ 1.2 ಸೆಂ.ಮೀ. ಅದನ್ನು ಪ್ರತಿ ಹುರುಪೆಯ ಮೇಲಿಟ್ಟು ಗುರುತು ಹಾಕಿ, 3 ಮಿ.ಮೀ. ಪಂಚಿನಿಂದ ತೂತು ಹೊಡೆಯಿರಿ. ನಡುವೆ ಒಂದೇ ತೂತು ಹೊಡೆದು ರಿವೆಟ್ ಬಡಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಒಂಟಿ ರಿವೆಟ್ಟಿನ ಹುರುಪೆ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಎರಡು ತೂತೇ ಇರಲಿ.

ಅಂಚುಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ. ಮೇಲಂಚು ಒಳಗೆ ಅಡಗುತ್ತದೆ, ಅದನ್ನು ಬಿಡಿ. ಕೆಳಗಿನ ದುಂಡಂಚನ್ನು ಮಾತ್ರ ಮನಸ್ಸಿಟ್ಟು ನುಣುಪು ಮಾಡಿ. ಉಜ್ಜುವಾಗ ಮುಖಕ್ಕೆ ಮಾಸ್ಕ್ ಇರಲಿ.

ಸಾಲುಗಳು ಅರ್ಧ ಸರಿಯುವುದರಿಂದ ಪ್ರತಿ ಎರಡನೇ ಸಾಲಿನ ಎರಡೂ ತುದಿಗೆ ಅರ್ಧ ಹುರುಪೆ ಬೇಕಾಗುತ್ತದೆ. ಮುಂಭಾಗ 56 ಸೆಂ.ಮೀ. ಅಗಲ, ಅಂದರೆ 11 ಹುರುಪೆ. ಮುಂದಿನ ಸಾಲು 10 ಹುರುಪೆ, ಜತೆಗೆ ತುದಿಗೊಂದು ಅರ್ಧ. ಅರ್ಧ ಹುರುಪೆಗಳಿಗೂ ಎರಡು ತೂತು ಹೊಡೆಯಿರಿ. ಒಂದು ಹುರುಪೆಗೆ ಎಲ್ಲ ಹಂತವೂ ಸೇರಿ ಐದೇ ನಿಮಿಷ ಹಿಡಿದರೂ 310ಕ್ಕೆ 25 ಗಂಟೆ ದಾಟುತ್ತದೆ. ವಾರಾಂತ್ಯದಲ್ಲಿ ನಾಲ್ಕು ಜನ ಸೇರಿ ಮಾತಾಡುತ್ತ ಮಾಡುವ ಕೆಲಸ ಇದು.

ನೀರು ಕುಡಿಸಿ ಬಾಗಿಸುವುದು

ಚಪ್ಪಟೆ ಹುರುಪೆ ಕಾಗದದಂತೆ ಕಾಣುತ್ತದೆ. ಅಡ್ಡಕ್ಕೆ ತುಸು ಬಾಗಿದ ಹುರುಪೆ ಗಟ್ಟಿಯಾಗುತ್ತದೆ, ಬೆಳಕು ಹಿಡಿಯುತ್ತದೆ, ಕೆಳಗಿನ ಹುರುಪೆಯ ಮೇಲೆ ಒರಗಿ ಕೂರುತ್ತದೆ. ಆದ್ದರಿಂದ ಈ ಹಂತ ಬಿಡಬೇಡಿ.

ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು ತೆಗೆದುಕೊಂಡು ಒಂದು ಸಲಕ್ಕೆ ಇಪ್ಪತ್ತು ಹುರುಪೆ ಹಾಕಿ. ಗುಳ್ಳೆ ಏಳುವುದು ನಿಂತಾಗ ತೆಗೆದು ಬಟ್ಟೆಯಲ್ಲಿ ಸುತ್ತಿಡಿ. ಮೇಲ್ಮೈಯ ಬಣ್ಣ ಮರಳಿ ತಿಳಿಯಾಗುತ್ತ ಬಂದು, ಮುಟ್ಟಿದರೆ ತಂಪಾಗಿರುವಾಗ ಹದ ಬಂದಿದೆ ಎಂದರ್ಥ. ಆಗ ನಾಲ್ಕಿಂಚಿನ ಪಿವಿಸಿ ಪೈಪಿನ ಮೇಲೆ, ಹುರುಪೆಯ ಉದ್ದ ಪೈಪಿನ ಉದ್ದಕ್ಕೆ ಬರುವಂತೆ, ಸಾಲಾಗಿ ಇಟ್ಟು ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ನಡುವೆ ಏಣು, ಅಂದರೆ ಉದ್ದಕ್ಕೆ ಎದ್ದ ಉಬ್ಬು ಗೆರೆ, ಬೇಕಾದರೆ ಹುರುಪೆಯನ್ನು ಕವುಚಿ ಹಾಕಿ, ಚಮಚದ ಹಿಡಿಯಿಂದ ನಡುಗೆರೆಗುಂಟ ಒತ್ತಿ ಎಳೆಯಿರಿ. ಒಂದು ಹಗಲು ಒಂದು ರಾತ್ರಿ ನೆರಳಲ್ಲಿ ಒಣಗಲಿ. ಬಿಸಿಲಿಗೋ ಹೀಟರಿಗೋ ಇಟ್ಟರೆ ಅಂಚು ಸುರುಟಿ ಬಿರುಕು ಬಿಡುತ್ತದೆ.

ಕುದಿಯುವ ನೀರಿನಲ್ಲಿ ಅದ್ದಿ ಕಲ್ಲಿನಂತೆ ಗಟ್ಟಿ ಮಾಡುವ ಹಳೆಯ ವಿಧಾನ ಪ್ರಸಿದ್ಧ. ಹುರುಪೆಗೆ ಅದು ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಚರ್ಮ ಎದ್ವಾತದ್ವಾ ಕುಗ್ಗುತ್ತದೆ, ಒಂದು ಹುರುಪೆ 4.5 ಸೆಂ.ಮೀ., ಇನ್ನೊಂದು 4.2 ಆದರೆ ನೀವು ಎಳೆದ ಗೆರೆಗಳೆಲ್ಲ ವ್ಯರ್ಥ. ಸಾಲದ್ದಕ್ಕೆ ಗೆಣಸಿನ ಚಿಪ್ಸಿನಂತೆ ಮುರಿಯುತ್ತದೆ.

ಬಣ್ಣ

ಹುರುಪೆಗಳನ್ನು ಹೊಲಿಯುವ ಮೊದಲೇ ಬಣ್ಣ ಹಾಕಬೇಕು, ಅಂಚು ಮತ್ತು ಹಿಂಬದಿಗೂ. ಚರ್ಮದ ಸ್ಪಿರಿಟ್ ಡೈ ಸಿಕ್ಕರೆ ಸರಿ. ಕಪ್ಪು ಬೇಕಾದರೆ ಅದಕ್ಕಿಂತ ಸೊಗಸಾದ ದಾರಿ ಇದೆ. ಸೋಪಿನಲ್ಲಿ ತೊಳೆದು ಎಣ್ಣೆ ತೆಗೆದ ಸ್ಟೀಲ್ ವುಲ್ (ಉಜ್ಜಲು ಬಳಸುವ ಉಕ್ಕಿನ ಸಣ್ಣ ನಾರು) ಅನ್ನು ಬಿಳಿ ವಿನೆಗರ್‌ನಲ್ಲಿ ಹಾಕಿ ಒಂದು ವಾರ ಬಿಡಿ. ಮುಚ್ಚಳ ಬಿಗಿಯಬೇಡಿ, ಹೈಡ್ರೋಜನ್ ಹೊರಬರುತ್ತದೆ. ಹತ್ತಿರ ಬೆಂಕಿಯೂ ಬೇಡ. ಸೋಸಿದ ಆ ನೀರನ್ನು ವೆಜ್ ಟ್ಯಾನ್ ಚರ್ಮಕ್ಕೆ ಹಚ್ಚಿದರೆ ಅದರಲ್ಲಿರುವ ಟ್ಯಾನಿನ್ ಕಬ್ಬಿಣದ ಜತೆ ಸೇರಿ ನೋಡನೋಡುತ್ತ ಕಪ್ಪಾಗುತ್ತದೆ. ಇದು ಮೇಲೆ ಬಳಿದ ಬಣ್ಣ ಅಲ್ಲ, ಚರ್ಮವೇ ಕಪ್ಪಾಗಿರುವುದರಿಂದ ಉಜ್ಜಿದರೂ ಕೈಗೆ ಅಂಟದು. ಹತ್ತು ನಿಮಿಷದ ನಂತರ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಒರೆಸಿ, ಇಲ್ಲದಿದ್ದರೆ ಉಳಿದ ಆಮ್ಲ ಚರ್ಮವನ್ನು ತಿನ್ನುತ್ತದೆ. ಬಾಗಿಸಲು ನೆನೆಸುವ ಹೊತ್ತಿಗೇ ಇದನ್ನೂ ಮುಗಿಸಿಕೊಂಡರೆ ಎರಡು ಸಲ ಒದ್ದೆ ಮಾಡುವುದು ತಪ್ಪುತ್ತದೆ.

ಲೋಹದಂತೆ ಕಾಣಬೇಕೆಂದರೆ ಈ ಕಪ್ಪಿನ ಮೇಲೆ ಕಂಚು ಅಥವಾ ಬೆಳ್ಳಿ ಬಣ್ಣದ ಅಕ್ರಿಲಿಕ್ ಅನ್ನು ಒಣ ಸ್ಪಂಜಿನಲ್ಲಿ ತೆಳ್ಳಗೆ ಒರೆಸಿ. ನಡುವಿನ ಏಣಿನ ಮೇಲೂ ಕೆಳತುದಿಗೂ ಹೆಚ್ಚು, ಉಳಿದ ಕಡೆ ಕಡಿಮೆ. ಕೊನೆಗೆ ಜೇನುಮೇಣ ಬೆರೆತ ಪಾಲಿಶ್ ತೆಳುವಾಗಿ ತಿಕ್ಕಿ. ಎಣ್ಣೆ ಸುರಿಯಬೇಡಿ, ಬಾಗಿಸಿ ಗಟ್ಟಿ ಮಾಡಿದ್ದೆಲ್ಲ ಮೆತ್ತಗಾಗುತ್ತದೆ.

ಹೊಲಿಗೆ: ಕೆಳಗಿನಿಂದ ಮೇಲಕ್ಕೆ

ದಬ್ಬಣ, ಮೇಣ ಹಚ್ಚಿದ 1 ಮಿ.ಮೀ. ಪಾಲಿಯೆಸ್ಟರ್ ದಾರ ಸುಮಾರು 60 ಮೀಟರ್, ಸೂಜಿ ಎಳೆಯಲು ಇಕ್ಕಳ, ಇಷ್ಟು ಸಾಕು. ಅತ್ಯಂತ ಕೆಳಗಿನ ಗೆರೆಯಿಂದ ಶುರು ಮಾಡಿ. ಮೇಲಿನಿಂದ ಹೊರಟರೆ ಎರಡನೇ ಸಾಲಿನ ತೂತುಗಳು ಮೊದಲ ಸಾಲಿನ ಕೆಳಗೆ ಅಡಗಿ ಕೈಗೇ ಸಿಗುವುದಿಲ್ಲ.

ಮೊದಲ ಹುರುಪೆಯನ್ನು ಗೆರೆಯ ನಡುವೆ ಇಡಿ, ತುದಿಯಿಂದಲ್ಲ. ನಡುವಿನಿಂದ ಎಡಕ್ಕೂ ಬಲಕ್ಕೂ ಹೋದರೆ ಅಳತೆಯ ಚಿಕ್ಕಪುಟ್ಟ ವ್ಯತ್ಯಾಸ ಎರಡೂ ಪಕ್ಕಕ್ಕೆ ಹಂಚಿಹೋಗುತ್ತದೆ. ದಬ್ಬಣವನ್ನು ಬಟ್ಟೆಯ ಹಿಂದಿನಿಂದ ಎಡ ತೂತಿನಲ್ಲಿ ಮುಂದಕ್ಕೆ ತೆಗೆದು, ಬಲ ತೂತಿನಲ್ಲಿ ಹಿಂದಕ್ಕೆ ಇಳಿಸಿ. ಅದೇ ದಾರಿಯಲ್ಲಿ ಇನ್ನೊಂದು ಸುತ್ತು. ಹಿಂಬದಿಯಲ್ಲೇ ಮುಂದಿನ ಹುರುಪೆಗೆ ದಾಟಿ. ನಾಲ್ಕು ಹುರುಪೆಗೊಮ್ಮೆ ಗಂಟು ಹಾಕಿ. ಇದನ್ನು ಎಂದೂ ಬಿಡಬೇಡಿ. ಒಂದೇ ದಾರದಲ್ಲಿ ಇಡೀ ಸಾಲು ಹೊಲಿದರೆ, ಕಣದ ನಡುವೆ ದಾರ ಒಂದು ಕಡೆ ಹರಿದಾಗ ಹನ್ನೊಂದು ಹುರುಪೆಯೂ ಹುಲ್ಲಿನಲ್ಲಿ ಹುಡುಕಬೇಕಾಗುತ್ತದೆ.

ದಾರವನ್ನು ಎಷ್ಟು ಬಿಗಿಯಬೇಕು? ಹುರುಪೆಯ ತುದಿ ಹಿಡಿದು ಎತ್ತಿದರೆ ಅದು ಸುಮಾರು 45 ಡಿಗ್ರಿಗೆ ಏಳಬೇಕು, ಪಕ್ಕಕ್ಕೆ ಮಾತ್ರ ಅಲುಗಬಾರದು. ತೀರ ಬಿಗಿದರೆ ಬಗ್ಗುವಾಗ ಕವಚ ಹಲಗೆಯಾಗುತ್ತದೆ. ಪ್ರತಿ ಮೂರು ಸಾಲಿಗೊಮ್ಮೆ ಎದ್ದು, ಬಟ್ಟೆಯನ್ನು ಮೈಗೆ ಹಾಕಿ, ಬಗ್ಗಿ, ತಿರುಗಿ ನೋಡಿ. 11 ಸಾಲಿಗೆ ಕಂಕುಳು ಮುಟ್ಟುತ್ತೀರಿ. ಅಲ್ಲಿಗೆ 242 ಹುರುಪೆ. ಮೇಲಿನ ಎದೆ, ಬೆನ್ನಿಗೆ ಇನ್ನು 65ರಿಂದ 70.

ಭುಜ ಮತ್ತು ಕಂಕುಳು

ಕೆಲಸ ನಿಧಾನವಾಗುವುದು ಇಲ್ಲಿ. ಕಂಕುಳ ಕತ್ತರಿಕೆಯ ಸುತ್ತ 3 ಸೆಂ.ಮೀ. ಹುರುಪೆಯಿಲ್ಲದೆ ಬರಿದು ಬಿಡಿ. ಕೈ ಮುಂದೆ ಚಾಚಿದಾಗ ಎದೆಯ ಹೊರಅಂಚಿನ ಹುರುಪೆಗಳೇ ತೋಳಿನ ಒಳಮೈಗೆ ಉಜ್ಜುವುದು. ಎದೆಯ ಮೇಲ್ಭಾಗದಲ್ಲಿ ಒಂದು ಹುರುಪೆ ಕಡಿಮೆಯಾದರೆ ನಷ್ಟವಿಲ್ಲ, ಹೆಚ್ಚಾದರೆ ಕತ್ತಿ ಬೀಸಲಾಗದು.

ಮುಂದಿನ ಹುರುಪೆಗಳೂ ಹಿಂದಿನ ಹುರುಪೆಗಳೂ ಕೆಳಮುಖವಾಗಿರುವುದರಿಂದ ಭುಜದ ನೆತ್ತಿಯಲ್ಲಿ ಎರಡರ ತಲೆಗಳೂ ಎದುರುಬದುರು ಬಂದು ಹೊಲಿಗೆ ಬಯಲಾಗುತ್ತದೆ. ಅದರ ಮೇಲೆ ಅದೇ ಚರ್ಮದ 8 ಸೆಂ.ಮೀ. ಅಗಲದ ಪಟ್ಟಿ ಹಾಸಿ ಎರಡೂ ಅಂಚು ಹೊಲಿಯಿರಿ. ಒಳಬದಿಗೆ ಮೆತ್ತನೆ ಫೆಲ್ಟ್ ಇಡಿ. ಕುತ್ತಿಗೆಯ ಸುತ್ತ ಮೆದು ಚರ್ಮದ ಗೋಟು ಬರಲಿ, ಗಂಟಲ ಗುಳಿಯಿಂದ 4 ಸೆಂ.ಮೀ. ಒಳಗೆ ಯಾವ ಹುರುಪೆಯೂ ಬೇಡ.

ತೊಟ್ಟ ಮೇಲೆ ಸೊಂಟಕ್ಕೆ ಅಗಲ ಬೆಲ್ಟ್ ಬಿಗಿದು, ಬೆಲ್ಟಿನ ಮೇಲೆ ಕವಚವನ್ನು ತುಸು ಎತ್ತಿ ಬಿಡಿ. ಭಾರದ ಒಂದು ಪಾಲು ಸೊಂಟಕ್ಕೆ ಇಳಿಯುತ್ತದೆ. ಬಟ್ಟೆ, ಪಟ್ಟಿ, ಬಕಲ್ ಎಲ್ಲ ಸೇರಿ ಕವಚ ಐದು ಕಿಲೋ ಆಸುಪಾಸು ಬರುವುದರಿಂದ ಇಡೀ ದಿನದ ಆಟಕ್ಕೆ ಈ ಬೆಲ್ಟ್ ಅನಿವಾರ್ಯ.

ಕಣಕ್ಕೆ ಒಯ್ಯುವ ಮೊದಲು

ಹಳೆಯ ನೈಲಾನ್ ಸ್ಟಾಕಿಂಗ್ ಒಂದನ್ನು ಕೈಗೆ ಹಾಕಿಕೊಂಡು ಕವಚವನ್ನು ಎಲ್ಲ ದಿಕ್ಕಿನಿಂದಲೂ ಸವರಿ, ಕೆಳಗಿನಿಂದ ಮೇಲಕ್ಕೂ. ನೈಲಾನ್ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಲೇಟೆಕ್ಸ್ ಕತ್ತಿಯೂ ಸಿಕ್ಕಿಕೊಳ್ಳುತ್ತದೆ. ಆ ಅಂಚನ್ನು ಮತ್ತೆ ಉಜ್ಜಿ. ಬಕಲ್‌ಗಳ ಮುಳ್ಳು ಹೊರಚಾಚಿದ್ದರೆ ಚರ್ಮದ ಕಿವಿ ಹೊಲಿದು ಮುಚ್ಚಿ. ಆಟದ ಮೊದಲ ದಿನ ಆಯೋಜಕರು ಆಯುಧ, ಕವಚಗಳನ್ನು ಪರೀಕ್ಷಿಸುವುದು ವಾಡಿಕೆ. ಅವರು ಬೆರಳಾಡಿಸುವ ಜಾಗಗಳು ಇವೇ.

ಆಮೇಲೆ ಕವಚ ತೊಟ್ಟು ನೆಲದ ಮೇಲೆ ಮಲಗಿ, ಯಾರ ನೆರವಿಲ್ಲದೆ ಎದ್ದೇಳಿ. ಮೆಟ್ಟಿಲು ಹತ್ತಿ. ಒಬ್ಬರೇ ಬಕಲ್ ಬಿಚ್ಚಿ ಹೊರಬನ್ನಿ. ಬಿಸಿಲಲ್ಲಿ ತಲೆ ಸುತ್ತಿದವರ ಕವಚ ಅರೆ ನಿಮಿಷದಲ್ಲಿ ಕಳಚುವಂತಿರಬೇಕು. ಗ್ಯಾಂಬೆಸನ್ ಒಳಗೆ ಮೈ ಬೇಯುತ್ತದೆ, ನೀರು ಕುಡಿಯುತ್ತಿರಿ.

ಫೋಮ್ ಬಳಸುವವರಿಗೆ

ಲೆಕ್ಕವೆಲ್ಲ ಅದೇ, ವಸ್ತು ಮಾತ್ರ ಬೇರೆ. ಚಪ್ಪಲಿ ಸೋಲಿಗೆ ಬಳಸುವ 4 ಮಿ.ಮೀ. ಇವಿಎ ಹಾಳೆ ತೆಗೆದುಕೊಳ್ಳಿ. ಕತ್ತರಿಸಿದ ಮೇಲೆ ಹೀಟ್ ಗನ್ನಿನಿಂದ ಮೇಲ್ಮೈ ತುಸು ಹೊಳೆಯುವವರೆಗೆ ಬಿಸಿ ಮಾಡಿ, ಪೈಪಿನ ಮೇಲೆ ಒತ್ತಿ ತಣಿಯಲು ಬಿಡಿ. ಕಿಟಕಿ ತೆರೆದಿರಲಿ. ದಾರ ಫೋಮನ್ನು ಸೀಳುತ್ತದೆ, ಆದ್ದರಿಂದ ಮೇಲಿನ 1.5 ಸೆಂ.ಮೀ. ಭಾಗವನ್ನು ಫೆವಿಕಾಲ್ ಎಸ್‌ಆರ್‌ನಂಥ ರಬ್ಬರ್ ಅಂಟಿನಿಂದ ಬಟ್ಟೆಗೆ ಅಂಟಿಸಿ, ಮೇಲೊಂದು ಸಾಲು ಹೊಲಿಗೆ ಹಾಕಿ. ಬಾಗುವ ಪ್ರೈಮರ್ ಮೂರು ತೆಳು ಪದರ ಬಳಿದು ಆಮೇಲೆ ಬಣ್ಣ. ಮನೆಯ ಗೋಡೆಯ ಬಣ್ಣ ಬಿರಿಯುತ್ತದೆ, ಬೇಡ.

ಮಳೆ, ಬೂಷ್ಟು, ದುರಸ್ತಿ

ಬಯಲಲ್ಲಿ ಮಳೆ ಬಂದೇ ಬರುತ್ತದೆ. ನೆನೆದ ಕವಚವನ್ನು ಡೇರೆಯೊಳಗೆ ಮುದ್ದೆ ಮಾಡಿ ಎಸೆದು ಮಲಗಬೇಡಿ. ಅಗಲವಾದ ಹ್ಯಾಂಗರಿಗೆ ತೂಗುಹಾಕಿ, ಗಾಳಿಯಾಡುವ ಕಡೆ ಒಣಗಲಿ. ಒದ್ದೆಯಿದ್ದಾಗ ಮಡಚಿಟ್ಟರೆ ಹುರುಪೆಗಳು ಆ ಮಡಿಕೆಯ ಆಕಾರದಲ್ಲೇ ಒಣಗಿ ನಿಲ್ಲುತ್ತವೆ. ಜೇನುಮೇಣ ಬಿಸಿಗೆ ಕರಗುವುದರಿಂದ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲೂ ಬಿಡಬೇಡಿ.

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲದುದ್ದಕ್ಕೂ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಇನ್ನೂ ಬೇಗ ಹಿಡಿಯುತ್ತದೆ. ಹತ್ತಿ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಇಟ್ಟು, ತಿಂಗಳಿಗೊಮ್ಮೆ ಹೊರತೆಗೆದು ನೆರಳಲ್ಲಿ ಗಾಳಿಗೆ ಹಿಡಿಯಿರಿ. ಬೂಷ್ಟು ಕಂಡರೆ ವಿನೆಗರ್ ಬೆರೆಸಿದ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ತೆಳ್ಳಗೆ ಪಾಲಿಶ್ ಹಚ್ಚಿ.

ಹುರುಪೆಯೊಂದು ಹರಿದರೆ ಇಡೀ ಸಾಲು ಬಿಚ್ಚಬೇಕಿಲ್ಲ. ಅದರ ಮೇಲೆ ಕುಳಿತಿರುವ ಎರಡು ಹುರುಪೆಗಳನ್ನು ಬಟ್ಟೆ ಕ್ಲಿಪ್ ಹಾಕಿ ಎತ್ತಿಹಿಡಿಯಿರಿ. ಹರಿದದ್ದರ ದಾರವನ್ನು ಎರಡು ಗಂಟುಗಳ ನಡುವೆ ಕತ್ತರಿಸಿ. ಆ ನಾಲ್ಕರ ಗುಂಪನ್ನು ಹೊಸ ದಾರದಿಂದ ಮತ್ತೆ ಹೊಲಿಯಿರಿ. ಮೊದಲೇ ಹೆಚ್ಚಿಗೆ ಮಾಡಿದ 30 ಹುರುಪೆಗಳಲ್ಲಿ ಹತ್ತನ್ನು ದಬ್ಬಣ, ದಾರ, ಇಕ್ಕಳದ ಜತೆ ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿ ಡೇರೆಗೆ ಒಯ್ಯಿರಿ. ಉಳಿದ ಇಪ್ಪತ್ತನ್ನು ಕವಚದ ಜತೆಗೇ ತೂಗುಹಾಕಿ, ಬೆಳಕಿಗೆ ಎರಡೂ ಒಂದೇ ಬಗೆಯಲ್ಲಿ ಬಣ್ಣ ತಿರುಗುತ್ತವೆ.